ನಾಲ್ಕು ಹಲ್ಲಿನ ವ್ಯತ್ಯಾಸ

2025ರ ಜನವರಿ 26ರಂದು ದೆಹಲಿಯ ಕರ್ತವ್ಯ ಪಥದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಸಾಗಿತು. ಆ ವರ್ಷದ ವಿಷಯ ಗದಗ ಜಿಲ್ಲೆಯ ಲಕ್ಕುಂಡಿಯ ಶಿಲ್ಪಕಲೆ. ಟಿ.ವಿ. ಮುಂದೆ ಕುಳಿತವರು ಕೆತ್ತನೆ ನೋಡಿದರು, ಕಲಾವಿದರನ್ನು ನೋಡಿದರು. ಅಷ್ಟು ದೊಡ್ಡ ರಚನೆಯನ್ನು ಎಳೆದದ್ದು ಏನು ಎಂಬುದು ಯಾರಿಗೂ ಕಾಣಲಿಲ್ಲ. ಕಾಣಬಾರದೆಂದೇ ಅದನ್ನು ಅಲಂಕಾರದೊಳಗೆ ಮುಚ್ಚಿರುತ್ತಾರೆ. ಸ್ತಬ್ಧಚಿತ್ರ ಕಟ್ಟುವ ಪ್ರತಿ ರಾಜ್ಯಕ್ಕೂ ರಕ್ಷಣಾ ಸಚಿವಾಲಯ ಒಂದು ಟ್ರ್ಯಾಕ್ಟರು, ಒಂದು ಟ್ರೇಲರು ಕೊಡುತ್ತದೆ. ಅಕ್ಕಪಕ್ಕದಲ್ಲಿ ಹೆಜ್ಜೆ ಹಾಕುವ ಕಲಾವಿದರಿಗಿಂತ ಮುಂದೆ ಹೋಗದಂತೆ, ಎಲ್ಲೂ ಜಗ್ಗದಂತೆ, ನಡುವೆ ಎಂಜಿನ್ನು ಆಫ್ ಆಗದಂತೆ ಆ ಟ್ರ್ಯಾಕ್ಟರು ನಡೆಯಬೇಕು.

ಇದೇ ಕೆಲಸಕ್ಕೆ ಟ್ರ್ಯಾಕ್ಟರಿಗಿಂತ ಹೆಚ್ಚು ಅಶ್ವಶಕ್ತಿಯ ಕಾರೊಂದನ್ನು ಕಟ್ಟಿದರೆ ಮೈದಾನ ದಾಟುವ ಮೊದಲೇ ಅದರ ಕ್ಲಚ್ಚು ಸುಟ್ಟ ವಾಸನೆ ಬರುತ್ತದೆ. ಶಕ್ತಿ ಕಡಿಮೆಯಾಗಿ ಅಲ್ಲ. ಎಂಜಿನ್ನಿನ ಸುತ್ತು ಚಕ್ರದ ಸುತ್ತಾಗಿ ಬದಲಾಗುವ ಲೆಕ್ಕ ಬೇರೆ, ಅಷ್ಟೇ. ಆ ಲೆಕ್ಕದ ಕೊನೆಯ ಗುಣಾಕಾರ ನಡೆಯುವುದು ಆಕ್ಸಲ್‌ನ ನಡುವೆ ಇರುವ ಕಬ್ಬಿಣದ ಗುಂಡಿನೊಳಗೆ. ಲಾರಿಯ ಹಿಂದೆ ನಿಂತಾಗ ಎರಡು ಚಕ್ರಗಳ ಮಧ್ಯೆ ಕುಂಬಳಕಾಯಿಯಷ್ಟು ದಪ್ಪಗೆ ಕಾಣುತ್ತದಲ್ಲ, ಅದು. ಅದರೊಳಗೆ ಎರಡು ಹಲ್ಲುಚಕ್ರಗಳಿವೆ. ಎಂಜಿನ್ನಿನ ಕಡೆಯಿಂದ ಬರುವ ಶಾಫ್ಟಿನ ತುದಿಯಲ್ಲಿರುವ ಚಿಕ್ಕದು ಪಿನಿಯನ್, ಅದರಿಂದ ತಿರುಗುವ ದೊಡ್ಡದು ಕ್ರೌನ್. ಗ್ಯಾರೇಜಿನವರ ಬಾಯಲ್ಲಿ ಇವೆರಡೂ ಸೇರಿ ಒಂದೇ ಪದ: ಕ್ರೌನ್‌ಪಿನಿಯನ್. ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಆಕ್ಸಲ್ ರೇಶಿಯೋ. ಸಂಖ್ಯೆ ದೊಡ್ಡದಾದಷ್ಟೂ ಚಕ್ರ ನಿಧಾನ, ಎಳೆತ ಹೆಚ್ಚು.

ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಲ್ಲು ಕೊರಕಲಿನ ಏರಿನಲ್ಲಿ ಡ್ರೈವರು ಚಿಕ್ಕ ಲಿವರನ್ನು ಎಳೆದದ್ದೇ ತಡ, ಎಂಜಿನ್ನು ಗಟ್ಟಿಯಾಗಿ ಕೂಗುತ್ತದೆ, ಜೀಪು ಮಾತ್ರ ಬಸುರಿ ಎಮ್ಮೆಯ ಹಾಗೆ ಒಂದೊಂದೇ ಹೆಜ್ಜೆ ಇಡುತ್ತದೆ. ಚಿಕ್ಕ ಲಿವರಿನಿಂದ ಬದಲಾಗುವುದು ಟ್ರಾನ್ಸ್‌ಫರ್ ಕೇಸಿನ ಲೆಕ್ಕ. ಅದನ್ನು ಬೇಕೆಂದಾಗ ಹಾಕಬಹುದು, ಬೇಡವೆಂದಾಗ ತೆಗೆಯಬಹುದು. ಆಕ್ಸಲ್ಲಿನ ಲೆಕ್ಕಕ್ಕೆ ಲಿವರಿಲ್ಲ. ಒಮ್ಮೆ ಕೂರಿಸಿದರೆ ಏರಿನಲ್ಲೂ ಇಳಿಜಾರಿನಲ್ಲೂ ಹೆದ್ದಾರಿಯಲ್ಲೂ ಅದೇ. ಹಾಗಾಗಿ ಅದನ್ನು ಆರಿಸುವವರು ಈ ಗಾಡಿಯಿಂದ ಮುಖ್ಯವಾಗಿ ಯಾವ ಕೆಲಸ ಆಗಬೇಕು ಎಂದು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಆ ತೀರ್ಮಾನ ಒಬ್ಬರದು, ಗಾಡಿ ಓಡಿಸುವವರು ಇನ್ನೊಬ್ಬರು. ದೆಹಲಿಯ ಜೀಪುಗಳ ಕಥೆಯ ಬಹುಪಾಲು ಈ ಅಂತರದಲ್ಲೇ ಇದೆ.

ಜೀಪು ಹುಟ್ಟಿದ್ದು 1940ರಲ್ಲಿ. ಅಮೆರಿಕದ ಸೈನ್ಯಕ್ಕೆ ಕಾಲು ಟನ್ ಹೊರುವ, ನಾಲ್ಕೂ ಚಕ್ರ ಎಳೆಯುವ ಹಗುರ ಗಾಡಿ ಬೇಕಿತ್ತು. ಬ್ಯಾಂಟಮ್ ಎಂಬ ಚಿಕ್ಕ ಕಂಪನಿಗಾಗಿ ಕಾರ್ಲ್ ಪ್ರೋಬ್ಸ್ಟ್ ನಕ್ಷೆ ಬರೆದರು, ಸೆಪ್ಟೆಂಬರ್ 23ರಂದು ಮೊದಲ ಗಾಡಿ ಸೈನ್ಯದ ಪರೀಕ್ಷಾ ಕೇಂದ್ರ ತಲುಪಿತು. ದೊಡ್ಡ ಪ್ರಮಾಣದ ತಯಾರಿಕೆ ಮಾತ್ರ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ ಹೋಯಿತು. ಯುದ್ಧ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದರು. ವಿಲ್ಲಿಸ್ ಎಂ.ಬಿ. ಎಂಬ ಆ ಯುದ್ಧಕಾಲದ ಮಾದರಿಯ ಪಿನಿಯನ್ನಿನಲ್ಲಿ 8 ಹಲ್ಲು, ಕ್ರೌನಿನಲ್ಲಿ 39. ಭಾಗಿಸಿದರೆ 4.875. ಪುಸ್ತಕಗಳಲ್ಲಿ 4.88 ಎಂದು ಬರೆಯುತ್ತಾರೆ. ಸೈನ್ಯಕ್ಕೆ ಎರಡೂ ಬೇಕಿತ್ತು: ಚಿಕ್ಕ ಟ್ರೇಲರನ್ನೋ ಟ್ಯಾಂಕ್ ನಿರೋಧಕ ಫಿರಂಗಿಯನ್ನೋ ಎಳೆಯಬೇಕು, ಸುದ್ದಿ ಒಯ್ಯುವಾಗ ಗಂಟೆಗೆ ನೂರು ಕಿಲೋಮೀಟರ್ ಓಡಲೂ ಬೇಕು. 4.88 ಈ ಎರಡರ ನಡುವಿನ ರಾಜಿ.

ಯುದ್ಧ ಮುಗಿಯುವ ಮೊದಲೇ ವಿಲ್ಲಿಸ್ ಕಂಪನಿಗೆ ಚಿಂತೆ ಹತ್ತಿತು. ಸೈನ್ಯ ಕೊಳ್ಳುವುದು ನಿಲ್ಲಿಸಿದ ಮೇಲೆ ಇದನ್ನು ಮಾರುವುದು ಯಾರಿಗೆ? ಉತ್ತರ ರೈತರಿಗೆ ಎಂದಾಯಿತು. ಆದರೆ ಯುದ್ಧದ ಜೀಪಿಗೆ ನೇಗಿಲು ಕಟ್ಟಿದರೆ ಅದು ಹೊಲದಲ್ಲಿ ಓಡುತ್ತಿತ್ತು, ಉಳುತ್ತಿರಲಿಲ್ಲ. ಅತಿ ಕಡಿಮೆ ಗೇರಿನಲ್ಲೂ ಅದಕ್ಕೆ ಎತ್ತಿನ ನಡಿಗೆ ಬರುತ್ತಿರಲಿಲ್ಲ. ಹಾಗಾಗಿ 1945ರ ಜುಲೈನಲ್ಲಿ ಬಂದ ನಾಗರಿಕ ಮಾದರಿ ಸಿಜೆ-2ಎಯಲ್ಲಿ ಮೂರು ಕಡೆ ಲೆಕ್ಕ ಬದಲಾಯಿತು. ಗೇರ್‌ಬಾಕ್ಸಿನ ಮೊದಲ ಗೇರು ತುಸು ಕೆಳಗಿಳಿಯಿತು. ಟ್ರಾನ್ಸ್‌ಫರ್ ಕೇಸಿನ ಲೋ 1.97 ಇದ್ದದ್ದು 2.43 ಆಯಿತು. ಆಕ್ಸಲ್ಲಿನಲ್ಲಿ ಪಿನಿಯನ್ ಅದೇ 8 ಹಲ್ಲಿನದು, ಕ್ರೌನಿಗೆ ಮಾತ್ರ ನಾಲ್ಕು ಹಲ್ಲು ಹೆಚ್ಚು, 43. ರೇಶಿಯೋ 5.38.

ಮೂರನ್ನೂ ಗುಣಿಸಿ ನೋಡಿದರೆ ಬದಲಾವಣೆಯ ಅಳತೆ ಸಿಗುತ್ತದೆ. ಯುದ್ಧದ ಜೀಪಿನಲ್ಲಿ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ನು ಹೆಚ್ಚೆಂದರೆ ಸುಮಾರು 25 ಸುತ್ತು ಹಾಕುತ್ತಿತ್ತು. ರೈತರ ಜೀಪಿನಲ್ಲಿ ಅದು ಸುಮಾರು 36ಕ್ಕೆ ಏರಿತು. ಎಂಜಿನ್ನು ನಿಮಿಷಕ್ಕೆ 1,000 ಸುತ್ತು ತಿರುಗುತ್ತಿರುವಾಗ ಮೊದಲನೆಯದು ಗಂಟೆಗೆ ಐದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ಹೋಗುತ್ತದೆ, ಎರಡನೆಯದು ನಾಲ್ಕಕ್ಕಿಂತ ಕಡಿಮೆ. ಐದು ಎಂದರೆ ಬಸ್ಸು ಹಿಡಿಯಲು ಹೊರಟವರ ನಡಿಗೆ. ನಾಲ್ಕರೊಳಗೆ ಎಂದರೆ ನೇಗಿಲ ಹಿಂದಿನ ನಡಿಗೆ. ಎಂಜಿನ್ನು ಎರಡರಲ್ಲೂ ಒಂದೇ, 60 ಅಶ್ವಶಕ್ತಿಯದು.

ಅಮೆರಿಕದ ರೈತರನ್ನು ಮನಸ್ಸಿನಲ್ಲಿಟ್ಟು ಹಾಕಿದ ಈ ನಾಲ್ಕು ಹಲ್ಲು ಭಾರತಕ್ಕೆ ಬಂದದ್ದು ಎರಡನೇ ದಾರಿಯಲ್ಲಿ. ಮೊದಲ ದಾರಿಯಲ್ಲಿ ಬಂದದ್ದು ಯುದ್ಧದ 4.88. ಚೀನಾ-ಬರ್ಮಾ-ಭಾರತ ರಣರಂಗದ ಅಮೆರಿಕನ್ ಕಚೇರಿಗಳು ಹೊಸದಿಲ್ಲಿಯಲ್ಲಿದ್ದವು. ಮೌಂಟ್‌ಬ್ಯಾಟನ್ನರ ಆಗ್ನೇಯ ಏಷ್ಯಾ ಕಮಾಂಡ್ ಕೂಡ 1944ರಲ್ಲಿ ಸಿಲೋನಿನ ಕ್ಯಾಂಡಿಗೆ ಹೋಗುವ ತನಕ ಇಲ್ಲೇ ಇತ್ತು. ಯುದ್ಧ ಮುಗಿದ ಮೇಲೆ ಮಿತ್ರಪಡೆಗಳು ಬಿಟ್ಟುಹೋದ ಜೀಪು, ಲಾರಿ, ಮೋಟರ್‌ಸೈಕಲ್ಲುಗಳನ್ನು ವಿಲೇವಾರಿ ಮಾಡಲು ಸರ್ಕಾರದಲ್ಲಿ ಒಂದು ಇಲಾಖೆಯೇ ಬೇಕಾಯಿತು. ‘ಡಿಸ್ಪೋಸಲ್’ ಎಂಬ ಪದ ಉತ್ತರ ಭಾರತದ ಬೀದಿಮಾತಿಗೆ ಇಳಿದದ್ದು ಆಗ. ಡಿಸ್ಪೋಸಲ್ ಗಾಡಿ, ಡಿಸ್ಪೋಸಲ್ ಟೈರು, ಡಿಸ್ಪೋಸಲ್ ಕೋಟು. ದೇಶ ಒಡೆದು ಪಂಜಾಬಿನಿಂದ ಬರಿಗೈಲಿ ಬಂದ ನಿರಾಶ್ರಿತರಲ್ಲಿ ಅನೇಕರು ಈ ಸರಕಿನ ಮೇಲೆಯೇ ಬದುಕು ಕಟ್ಟಿಕೊಂಡರು. ಯುದ್ಧದ ಹಾರ್ಲೆ-ಡೇವಿಡ್‌ಸನ್ ಮೋಟರ್‌ಸೈಕಲ್ಲಿನ ಹಿಂಭಾಗ ಕತ್ತರಿಸಿ, ಎರಡು ಚಕ್ರದ ಆಕ್ಸಲ್ ಜೋಡಿಸಿ, ಮೇಲೆ ಸೀಟು ಹಾಕಿದ ಫಟ್‌ಫಟಿಗಳು ಕನಾಟ್ ಪ್ಲೇಸಿಗೂ ಹಳೇ ದಿಲ್ಲಿಗೂ ನಡುವೆ ಅರ್ಧ ಶತಮಾನ ಓಡಾಡಿ, ಹೊಗೆಯ ಕಾರಣಕ್ಕೆ 1990ರ ದಶಕದ ಕೊನೆಯಲ್ಲಿ ಬೀದಿಯಿಂದ ಹೋದವು. ಒಬ್ಬ ಸವಾರನಿಗಾಗಿ ಮಾಡಿದ ಎಂಜಿನ್ನಿನಿಂದ ಒಂದು ಕುಟುಂಬವನ್ನೇ ಎಳೆಸಬಹುದು ಎಂದು ದೆಹಲಿ ಮೊದಲು ಕಲಿತದ್ದು ಅವುಗಳಿಂದ.

ಹೊಸ ಸರ್ಕಾರಕ್ಕೂ ಜೀಪಿನ ಹಸಿವಿತ್ತು. ಕಾಶ್ಮೀರದ ಯುದ್ಧಕ್ಕೆಂದು 1948ರಲ್ಲಿ ಲಂಡನ್ನಿನ ಹೈಕಮಿಷನರ್ ವಿ.ಕೆ. ಕೃಷ್ಣ ಮೆನನ್ ಮಾಡಿಕೊಂಡ ಜೀಪು ಖರೀದಿಯ ಒಪ್ಪಂದ ಸ್ವತಂತ್ರ ಭಾರತದ ಮೊದಲ ಹಗರಣ ಎನಿಸಿಕೊಂಡಿತು. ಹಣದ ಬಹುಪಾಲು ಮೊದಲೇ ಹೋಗಿತ್ತು, ಬಂದಿಳಿದದ್ದು 155 ಜೀಪು. ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲ ನಡೆದು 1955ರಲ್ಲಿ ಸರ್ಕಾರ ಕಡತ ಮುಚ್ಚಿತು.

ಎರಡನೇ ದಾರಿ ಮುಂಬಯಿಯ ಮೂಲಕ. ಯುದ್ಧಕಾಲದಲ್ಲಿ ಅಮೆರಿಕದಲ್ಲಿ ಭಾರತದ ಸರಬರಾಜು ನಿಯೋಗದ ಮುಖ್ಯಸ್ಥರಾಗಿದ್ದ ಕೆ.ಸಿ. ಮಹೀಂದ್ರ ಅಲ್ಲಿ ವಿಲ್ಲಿಸ್ ಕಂಪನಿಯ ಎಂಜಿನಿಯರ್ ಬಾರ್ನಿ ರೂಸ್ ಅವರನ್ನು ಭೇಟಿಯಾಗಿದ್ದರು ಎಂಬುದು ಮಹೀಂದ್ರ ಕಂಪನಿ ಹೇಳಿಕೊಂಡು ಬಂದಿರುವ ಕಥೆ. 1940ರ ದಶಕದ ಕೊನೆಗೆ 75 ಜೀಪುಗಳು ಬಿಡಿಭಾಗಗಳಾಗಿ ಬಂದು ಮಜಗಾಂವ್‌ನಲ್ಲಿ ಜೋಡಣೆಯಾದವು. ಮುಂದೆ ದಶಕಗಳ ಕಾಲ ಇಲ್ಲೇ ತಯಾರಾದ ಸಿಜೆ-3ಬಿ, ಹೆಸರಿನಲ್ಲೂ ವಂಶದಲ್ಲೂ ಆ ರೈತರ ಜೀಪಿನ ಮಗು. ಅದರ ಆಕ್ಸಲ್ಲಿನಲ್ಲೂ 43 ಹಲ್ಲು.

ಆದರೆ ಭಾರತದ ರೈತರಲ್ಲಿ ಜೀಪಿನಿಂದ ಉತ್ತವರು ಎಷ್ಟು ಮಂದಿ? ಎತ್ತಿನಿಂದ ಉಳುತ್ತಿದ್ದವರು ಕೈಗೆ ದುಡ್ಡು ಬಂದಾಗ ನೇರವಾಗಿ ಟ್ರ್ಯಾಕ್ಟರಿಗೆ ಹೋದರು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಹಳ್ಳಿಗರು ಜೀಪನ್ನು ಹತ್ತಿರದಿಂದ ಕಂಡದ್ದು ಬಿಡಿಓ ಸಾಹೇಬರ ಗಾಡಿಯಾಗಿ. ಆಮೇಲೆ ಪೊಲೀಸರದಾಗಿ, ಅರಣ್ಯ ಇಲಾಖೆಯದಾಗಿ, ಚುನಾವಣೆ ಬಂದಾಗ ಮೈಕು ಕಟ್ಟಿಕೊಂಡ ಗಾಡಿಯಾಗಿ. ನೇಗಿಲು ಎಳೆಯಲೆಂದು ಕೂಡಿಸಿದ ನಾಲ್ಕು ಹಲ್ಲು ಕಡತ ಹೊತ್ತ ಅಧಿಕಾರಿಗಳನ್ನು ಡಾಂಬರು ರಸ್ತೆಯ ಮೇಲೆ ಎಳೆಯತೊಡಗಿದವು. ಗಂಟೆಗೆ ಅರವತ್ತು ದಾಟಿದರೆ ಒಳಗೆ ಕೂತವರು ಕಿರುಚಿ ಮಾತಾಡಬೇಕಿತ್ತು. ಆ ಕಾಲದ ಸರ್ಕಾರಿ ಜೀಪಿನಲ್ಲಿ ಓಡಾಡಿದವರಿಗೆ ಆ ಸದ್ದು ನೆನಪಿರುತ್ತದೆ.

ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು. ಪೆಟ್ರೋಲು ತುಟ್ಟಿಯಾಯಿತು, ಜೀಪಿನ ಪೆಟ್ರೋಲ್ ಎಂಜಿನ್ನಿನ ಹೊಟ್ಟೆ ದೊಡ್ಡದು. ಕಂಪನಿಯೂ ಡೀಸೆಲ್ಲಿಗೆ ಹೊರಳಿತು, ಮೊದಲು ಟ್ರ್ಯಾಕ್ಟರ್ ವಂಶದ ಎಂಜಿನ್ನು, ನಂತರ ಫ್ರಾನ್ಸಿನ ಪ್ಯೂಜೋದ ಎಂಜಿನ್ನು. ಕಂಪನಿಗೆ ಕಾಯದ ಮಾಲೀಕರು ಗ್ಯಾರೇಜುಗಳಲ್ಲಿ ತಾವೇ ಕೈಗೆ ಸಿಕ್ಕ ಡೀಸೆಲ್ ಎಂಜಿನ್ನು ಕೂರಿಸಿಕೊಂಡರು. ಜಬಲ್ಪುರದ ಸೇನಾ ಕಾರ್ಖಾನೆಯಲ್ಲಿ ನಿಸಾನ್ ಪರವಾನಗಿಯಡಿ ತಯಾರಾದ ಜೋಂಗಾಗಳು ಹರಾಜಿನಲ್ಲಿ ಜನರ ಕೈಗೆ ಬಂದಾಗ ಅವುಗಳಿಗೂ ಇದೇ ಗತಿ. ಸುಮಾರು ನಾಲ್ಕು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ನನ್ನು ಸಾಕುವುದು ಸರ್ಕಾರಕ್ಕೆ ಆಗಬಹುದು, ಸಂಸಾರಸ್ಥರಿಗೆ ಆಗುವುದಿಲ್ಲ.

ಇಲ್ಲಿ ಲೆಕ್ಕ ತಲೆಕೆಳಗಾಯಿತು. ಪೆಟ್ರೋಲ್ ಎಂಜಿನ್ನು ನಿಮಿಷಕ್ಕೆ 4,000 ಸುತ್ತು ತಿರುಗಬಲ್ಲದು. ಆ ಕಾಲದ ಡೀಸೆಲ್ ಎಂಜಿನ್ನಿಗೆ ಅಷ್ಟು ಓಡುವುದು ಆಗದು, 2,500ರ ಸುಮಾರಿಗೇ ಅದಕ್ಕೆ ನೆಮ್ಮದಿ. ಜೀಪಿನ ಮೂಲ ಟೈರು ಒಂದು ಸುತ್ತಿಗೆ ಸುಮಾರು ಎರಡೂಕಾಲು ಮೀಟರ್ ಹೋಗುತ್ತದೆ. ಟಾಪ್ ಗೇರಿನಲ್ಲಿ 2,500 ಸುತ್ತಿಗೆ 5.38ರ ಆಕ್ಸಲ್ ಕೊಡುವುದು ಗಂಟೆಗೆ ಸುಮಾರು 63 ಕಿಲೋಮೀಟರ್. 4.88ರ ಆಕ್ಸಲ್ ಕೊಡುವುದು 69. ಇದೇ ಎಂಜಿನ್ನು, ಇದೇ ಟೈರಿಗೆ 3.73ರ ಆಕ್ಸಲ್ ಸಿಕ್ಕರೆ 90. ದೆಹಲಿಯಿಂದ ಮೀರತ್ತಿಗೋ ಜೈಪುರಕ್ಕೋ ಹೋಗುವವರಿಗೆ ಈ ವ್ಯತ್ಯಾಸ ಬರೀ ಕಾಗದದ ಮೇಲಿನದಲ್ಲ. ಅದು ಹಿಂದಿನಿಂದ ಹಾರ್ನ್ ಹೊಡೆಯುವ ಲಾರಿಯ ಮುಂದೆ ಮೆಲ್ಲಗೆ ಹೋಗಬೇಕೋ ಅದರ ಜೊತೆಗೇ ಹೋಗಬಹುದೋ ಎಂಬ ಪ್ರಶ್ನೆ.

ಹಾಗಾಗಿ ಒಂದೇ ಊರಿನಲ್ಲಿ ಎರಡು ಬಗೆಯ ಗಿರಾಕಿಗಳು ಹುಟ್ಟಿಕೊಂಡರು. ಹೆದ್ದಾರಿಯಲ್ಲಿ ಓಡಿಸುವವರು 5.38 ಕಿತ್ತು ಯುದ್ಧಕಾಲದ 4.88 ಹುಡುಕತೊಡಗಿದರು. ಎಳೆಯುವ ಕೆಲಸದವರು, ಎಂದರೆ ಟ್ರೇಲರು ಕಟ್ಟುವವರು, ಹಳೆಯ ಮಿಲಿಟರಿ ಗಾಡಿಯ ಬೆನ್ನಿಗೆ ಕಬ್ಬಿಣದ ಕೈ ಕೂರಿಸಿ ಕೆಟ್ಟುನಿಂತ ಲಾರಿ ಎಳೆಯುವ ಕ್ರೇನು ಮಾಡಿಕೊಂಡವರು, 4.88 ಕಿತ್ತು 5.38 ಹುಡುಕತೊಡಗಿದರು. ಒಬ್ಬರು ಬಿಸಾಡಿದ್ದು ಇನ್ನೊಬ್ಬರಿಗೆ ಬೇಕು. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ನೆಲ ಬೇರೆಲ್ಲಿ?

ಆ ವ್ಯಾಪಾರದ ಮೊದಲ ಜಾಗ ಪಹಾಡ್‌ಗಂಜ್ ಪಕ್ಕದ ಮೋತಿಯಾ ಖಾನ್. ಡಿಸ್ಪೋಸಲ್ ಗಾಡಿಗಳ ಕಾಲದಿಂದ ಗುಜರಿ ಅಂಗಡಿಗಳು ಕಿಕ್ಕಿರಿದಿದ್ದ ಆ ಮೊಹಲ್ಲಾದಿಂದ 1970ರ ದಶಕದ ಮಧ್ಯದಲ್ಲಿ, ತುರ್ತು ಪರಿಸ್ಥಿತಿಯ ದಿನಗಳಲ್ಲಿ, ವ್ಯಾಪಾರಿಗಳನ್ನು ಪಶ್ಚಿಮ ದೆಹಲಿಯ ಮಾಯಾಪುರಿಗೆ ಸಾಗಿಸಲಾಯಿತು. ಮಾಯಾಪುರಿಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಮಾತ್ರ 2010ರ ಏಪ್ರಿಲ್‌ನಲ್ಲಿ, ಒಂದು ದುರಂತದಿಂದ. ದೆಹಲಿ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಹರಾಜಾದ ಹಳೆಯ ಉಪಕರಣವೊಂದರಲ್ಲಿ ಕೋಬಾಲ್ಟ್-60 ಇತ್ತು. ಅದು ಏನೆಂದು ತಿಳಿಯದೆ ಗುಜರಿಯಲ್ಲಿ ಒಡೆದರು. ವಿಕಿರಣದಿಂದ ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಗುಜರಿಗೆ ಬಂದ ವಸ್ತುವಿನ ಒಳಗೆ ಏನಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಕ್ರೂರ ಉದಾಹರಣೆ ಇಲ್ಲ.

ಆಕ್ಸಲ್ಲಿನ ವಿಷಯದಲ್ಲಿ ಅದೇ ಮಾತು ಚಿಕ್ಕ ಪ್ರಮಾಣದಲ್ಲಿ ನಿಜ. ಯುದ್ಧದ ಎಂ.ಬಿ.ಗೂ ನಾಗರಿಕ ಸಿಜೆ-2ಎಗೂ ಮುಂದಿನ ಆಕ್ಸಲ್ ಒಂದೇ ಮಾದರಿಯದು, ಸ್ಪೈಸರ್ 25. ಹೊರಗಿನ ಕವಚ ನೋಡಿದರೆ ಭೇದ ತಿಳಿಯದು. ಗ್ರೀಸು, ಮಣ್ಣು, ತುಕ್ಕು ಮೆತ್ತಿಕೊಂಡ ಹತ್ತು ಆಕ್ಸಲ್ಲುಗಳ ರಾಶಿಯಲ್ಲಿ ಯಾವುದರೊಳಗೆ 39, ಯಾವುದರೊಳಗೆ 43 ಎಂದು ಬಿಚ್ಚದೆ ಹೇಳಲು ಒಂದೇ ಉಪಾಯ. ಒಂದು ಬದಿಯ ಚಕ್ರ ಅಲುಗದಂತೆ ಹಿಡಿದು, ಇನ್ನೊಂದು ಬದಿಯದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಶಾಫ್ಟ್ ಕೂಡುವ ಮೂತಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಅದು ಎಷ್ಟು ಸುತ್ತಿತು ಎಂದು ಎಣಿಸಬೇಕು. ಐದು ಸುತ್ತಿಗೆ ಸ್ವಲ್ಪ ಮೊದಲೇ ನಿಂತರೆ 4.88. ಐದು ದಾಟಿ ಕಾಲು ಸುತ್ತಿಗಿಂತ ತುಸು ಮುಂದೆ ಹೋದರೆ 5.38. ವ್ಯತ್ಯಾಸ ಅರ್ಧ ಸುತ್ತು. ಅವಸರದಲ್ಲಿದ್ದವರಿಗೆ, ಸಂಜೆ ಬೆಳಕಿನಲ್ಲಿ ಎಣಿಸಿದವರಿಗೆ ತಪ್ಪುವುದು ಸುಲಭ.

ತಪ್ಪಿದರೆ ಆಗುವುದೇನು? ಎರಡು ಚಕ್ರ ಎಳೆಯುವ ಲಾರಿಯಾಗಿದ್ದರೆ ಏನೂ ಇಲ್ಲ, ಬೇಡದ ರೇಶಿಯೋ ಸಿಕ್ಕಿತು ಎಂದು ಹಲ್ಲು ಕಡಿದು ಸುಮ್ಮನಾಗಬಹುದು. ನಾಲ್ಕು ಚಕ್ರ ಎಳೆಯುವ ಗಾಡಿಯಲ್ಲಿ ಮುಂದಿನ ಆಕ್ಸಲ್ಲೂ ಹಿಂದಿನ ಆಕ್ಸಲ್ಲೂ ಒಂದೇ ರೇಶಿಯೋದವಾಗಿರಲೇಬೇಕು. ಹಳೆಯ ಜೀಪಿನಲ್ಲಿ ಫೋರ್‌ವೀಲ್ ಹಾಕಿದೊಡನೆ ಟ್ರಾನ್ಸ್‌ಫರ್ ಕೇಸು ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಒಂದೇ ವೇಗಕ್ಕೆ ಬಿಗಿಯುತ್ತದೆ. ಮುಂದೆ 4.88, ಹಿಂದೆ 5.38 ಇದ್ದರೆ, ಹಿಂದಿನ ಚಕ್ರ 100 ಮೀಟರ್ ಹೋಗುವಷ್ಟರಲ್ಲಿ ಮುಂದಿನದು 110 ಮೀಟರ್ ಹೋಗಲು ಎಳೆಯುತ್ತದೆ. ಗಾಡಿ ಒಂದೇ, ಎರಡು ಕಡೆ ಎರಡು ದೂರ ಹೋಗಲಾರದು. ಮರಳಿನಲ್ಲೋ ಕೆಸರಿನಲ್ಲೋ ಟೈರು ಜಾರಿ ಆ ಹತ್ತು ಮೀಟರನ್ನು ನುಂಗಿಕೊಳ್ಳುತ್ತದೆ. ಗಟ್ಟಿ ನೆಲದಲ್ಲಿ ನುಂಗಲು ಜಾಗವಿಲ್ಲ. ಒತ್ತಡವೆಲ್ಲ ಶಾಫ್ಟಿನ ಕ್ರಾಸುಗಳ ಮೇಲೆ, ಗೇರಿನ ಹಲ್ಲುಗಳ ಮೇಲೆ ಕೂರುತ್ತದೆ. ಫೋರ್‌ವೀಲ್ ಲಿವರು ಹಾಕಿದ್ದು ತೆಗೆಯಲು ಬರುವುದಿಲ್ಲ, ಗಾಡಿ ಮೊಂಡು ಹಿಡಿದ ಕತ್ತೆಯಂತೆ ಬಿಗಿಯುತ್ತದೆ, ಕೊನೆಗೆ ಎಲ್ಲಿ ದುರ್ಬಲವೋ ಅಲ್ಲಿ ಮುರಿಯುತ್ತದೆ.

ಈ ದೋಷದ ಕೆಟ್ಟತನ ಇರುವುದು ಅದು ಅಡಗಿರುವುದರಲ್ಲಿ. ಊರೊಳಗೆ ಹಿಂದಿನ ಎರಡೇ ಚಕ್ರದಲ್ಲಿ ಓಡಿಸುವಾಗ ಅದರ ಸುಳಿವೇ ಇರುವುದಿಲ್ಲ. ತಿಂಗಳುಗಟ್ಟಲೆ ಸುಖವಾಗಿ ಓಡಿದ ಜೀಪು, ಹಿಂದೆ ಭಾರ ಕಟ್ಟಿಕೊಂಡು ಏರು ಹತ್ತುವ ದಿನ, ಫೋರ್‌ವೀಲ್ ನಿಜವಾಗಿ ಬೇಕಾದ ದಿನ, ಕೈಕೊಡುತ್ತದೆ. ಏರಿನ ಮಧ್ಯೆ ಶಾಫ್ಟು ಮುರಿದರೆ ಭಾರದ ಟ್ರೇಲರು ಹಿಂದಕ್ಕೆ ಜಗ್ಗುತ್ತದೆ, ಹಳೆಯ ಜೀಪಿನ ಡ್ರಮ್ ಬ್ರೇಕು ಎರಡರ ತೂಕವನ್ನೂ ಒಟ್ಟಿಗೆ ಹಿಡಿಯುವ ಭರವಸೆ ಇಲ್ಲ. ಆದ್ದರಿಂದ ತಿಳಿದವರು ಆಕ್ಸಲ್ಲನ್ನು ಒಂಟಿಯಾಗಿ ಕೊಳ್ಳುವುದಿಲ್ಲ. ಒಂದೇ ಗಾಡಿಯಿಂದ ಇಳಿಸಿದ ಜೋಡಿಯನ್ನೇ ಕೇಳುತ್ತಾರೆ, ಕೇಳಿದ ಮೇಲೂ ಎರಡನ್ನೂ ಎಣಿಸುತ್ತಾರೆ.

ಜೋಡಿಯ ಮಾತು ಒಳಗಿನ ಹಲ್ಲುಚಕ್ರಗಳಿಗೂ ಸಲ್ಲುತ್ತದೆ. ಕಾರ್ಖಾನೆಯಲ್ಲಿ ಒಂದು ಕ್ರೌನು, ಒಂದು ಪಿನಿಯನ್ನು ಒಟ್ಟಿಗೆ ಉಜ್ಜಿ ಒಂದಕ್ಕೊಂದು ಹೊಂದಿಸಿರುತ್ತಾರೆ. 8 ಹಲ್ಲಿನ ಯಾವುದೋ ಪಿನಿಯನ್ನಿಗೆ 43 ಹಲ್ಲಿನ ಯಾವುದೋ ಕ್ರೌನು ಕೂರಿಸಿದರೆ ಲೆಕ್ಕ ಸರಿಯಿದ್ದರೂ ಗಾಡಿ ಕೊಳವೆಯಂತೆ ಊಳಿಡುತ್ತದೆ, ಸ್ವಲ್ಪ ದಿನಕ್ಕೆ ಹಲ್ಲು ತಿನ್ನುತ್ತದೆ. ಸರಿಯಾದ ಜೋಡಿ ಸಿಕ್ಕರೂ ಕೂರಿಸುವುದು ನಯವಾದ ಕೆಲಸ. ಕಾಗದದಷ್ಟು ತೆಳು ಷಿಮ್‌ಗಳನ್ನು ಒಂದೊಂದಾಗಿ ಇಟ್ಟು ತೆಗೆದು ಪಿನಿಯನ್ನಿನ ಆಳ ಹೊಂದಿಸಬೇಕು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿತ್ತೋ ಅಂಚಿಗೆ ಬಿತ್ತೋ ನೋಡಬೇಕು. ಅಂಚಿಗೆ ಬಿದ್ದರೆ ಮತ್ತೆ ಬಿಚ್ಚಬೇಕು. ಎಂಜಿನ್ನು ಇಳಿಸಿ ಹತ್ತಿಸುವಲ್ಲಿ ಪಳಗಿದ ಮೇಸ್ತ್ರಿಗಳೂ ಈ ಕೆಲಸವನ್ನು ಇದನ್ನೇ ಮಾಡುವವರ ಕೈಗೆ ಒಪ್ಪಿಸುವುದುಂಟು.

ಇಷ್ಟೆಲ್ಲ ಮಾಡಿ 4.88ರಿಂದ 5.38ಕ್ಕೆ ಹೋದರೆ ಎಳೆಯುವವರಿಗೆ ಸಿಗುವುದು ಪ್ರತಿ ಗೇರಿನಲ್ಲೂ ಶೇಕಡಾ ಹತ್ತರಷ್ಟು ಹೆಚ್ಚಿನ ಎಳೆತ. ಕೇಳಲು ಕಡಿಮೆ. ಆದರೆ ಕೆಂಪು ದೀಪದ ಮುಂದೆ ನಿಂತು ಭಾರದ ಟ್ರೇಲರನ್ನು ಮತ್ತೆ ಮತ್ತೆ ಹೊರಡಿಸುವಾಗ, ಫ್ಲೈಓವರಿನ ಏರಿನಲ್ಲಿ ಜಾಮ್ ಆಗಿ ನಿಂತಾಗ, ಕ್ಲಚ್ಚನ್ನು ಎಷ್ಟು ಹೊತ್ತು ಉಜ್ಜಬೇಕು ಎಂಬುದು ಈ ಹತ್ತರಲ್ಲಿ ಇದೆ. ಇಳಿಜಾರಿನಲ್ಲಿ ಎಂಜಿನ್ನು ಗಾಡಿಯನ್ನು ಹಿಡಿದಿಡುವ ಬಲವೂ ಅಷ್ಟೇ ಹೆಚ್ಚುತ್ತದೆ. ಬ್ರೇಕು ಮಾತ್ರ ಹಳೆಯದೇ. ಎಳೆಯುವ ಶಕ್ತಿ ಬಂತೆಂದು ಭಾರ ಹೆಚ್ಚಿಸುವವರು ಮರೆಯುವುದು ಇದನ್ನೇ.

ಇನ್ನೊಂದು ಮಿತಿಯೂ ಇದೆ. ರೈತರ ಜೀಪಿನ ಅತಿ ಕೆಳಗಿನ ಗೇರಿನ ಎಳೆತವನ್ನು ಕಾಗದದ ಮೇಲೆ ಲೆಕ್ಕ ಹಾಕಿದರೆ ಒಂದೂವರೆ ಟನ್ ಹತ್ತಿರ ಬರುತ್ತದೆ. ಜೀಪಿನ ತೂಕವೇ ಒಂದು ಟನ್ನಿನ ಆಸುಪಾಸು. ನೆಲವನ್ನು ಕಚ್ಚುವ ಟೈರು ತನ್ನ ಮೇಲಿನ ತೂಕಕ್ಕಿಂತ ಹೆಚ್ಚು ಎಳೆಯಲಾರದು, ಮಣ್ಣಿನಲ್ಲಾದರೆ ಅದರ ಅರ್ಧವೂ ಕಷ್ಟ. ಉಳಿದದ್ದು ಚಕ್ರ ಗಿರಗಿರ ತಿರುಗುವುದರಲ್ಲಿ ಹೋಗುತ್ತದೆ. ನಾಲ್ಕು ಚಕ್ರ ಎಳೆಯುವುದರ ಅರ್ಥ ಗಾಡಿಯ ತೂಕವೆಲ್ಲ ಕಚ್ಚುವುದಕ್ಕೆ ಒದಗುತ್ತದೆ ಎಂದು. ರೇಶಿಯೋ ಎಷ್ಟೇ ಇಳಿಸಿದರೂ ಇಲ್ಲದ ತೂಕ ಹುಟ್ಟುವುದಿಲ್ಲ. ಕೆಳಗಿನ ಗೇರಿನ ನಿಜವಾದ ಲಾಭ ಬಲಕ್ಕಿಂತ ನಿಧಾನ.

ದೆಹಲಿಯಲ್ಲಿ ಈ ಲೆಕ್ಕವನ್ನು ಕೆಡಿಸುವ ಇನ್ನೊಂದು ಬೀದಿ ಕರೋಲ್ ಬಾಗ್, ಕಾರಿನ ಅಲಂಕಾರದ ಸಾಮಾನುಗಳ ಪೇಟೆ. ಅಂದಕ್ಕೆಂದು ದಪ್ಪ, ಎತ್ತರದ ಟೈರು ಹಾಕಿಸುವ ಜೀಪಿನವರು ತಮಗೆ ಗೊತ್ತಿಲ್ಲದೆಯೇ ಆಕ್ಸಲ್ ರೇಶಿಯೋ ಬದಲಿಸಿರುತ್ತಾರೆ. ಸುಮಾರು 28 ಇಂಚೂವರೆ ಎತ್ತರದ ಮೂಲ ಟೈರಿನ ಬದಲು 31 ಇಂಚಿನದು ಬಂದರೆ ಸುತ್ತಳತೆ ಶೇಕಡಾ ಒಂಬತ್ತರಷ್ಟು ಹಿಗ್ಗುತ್ತದೆ. ಹಾಗಾದಾಗ 5.38ರ ಗಾಡಿ 4.95ರ ಹಾಗೆ ವರ್ತಿಸುತ್ತದೆ. ಹೆಚ್ಚುಕಡಿಮೆ ಯುದ್ಧದ ಜೀಪಿನ ಲೆಕ್ಕಕ್ಕೇ ವಾಪಸ್. ಆರವಳ್ಳಿಯ ಗುಡ್ಡಗಳಲ್ಲಿ ಭಾನುವಾರ ಗಾಡಿ ಹತ್ತಿಸಲು ಹೋಗಿ, ಮೊದಲಿನಷ್ಟು ಎಳೆಯುತ್ತಿಲ್ಲ ಎಂದು ಎಂಜಿನ್ನನ್ನು ಬೈಯುವವರಲ್ಲಿ ಇಂಥವರು ಕಡಿಮೆಯಿಲ್ಲ. ಸ್ಪೀಡೋಮೀಟರೂ ಸುಳ್ಳು ಹೇಳುತ್ತದೆ. ಹಳೆಯ ಜೀಪಿನಲ್ಲಿ ಅದರ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವುದರಿಂದ ಅದು ಎಣಿಸುವುದು ಶಾಫ್ಟಿನ ಸುತ್ತು, ಚಕ್ರದ್ದಲ್ಲ. 4.88 ಹೋಗಿ 5.38 ಬಂದರೆ ಮುಳ್ಳು 60 ತೋರಿಸುವಾಗ ಗಾಡಿ ಓಡುವುದು 54ರಲ್ಲಿ. ಟೈರು ದೊಡ್ಡದಾದರೆ ಉಲ್ಟಾ.

ಇಷ್ಟರಲ್ಲಿ ದೆಹಲಿಗೆ ಅದರದೇ ಒಂದು ಫೋರ್‌ವೀಲ್ ಗಾಡಿ ಬಂದಿತ್ತು. 1985ರ ಕೊನೆಯಲ್ಲಿ ಗುರುಗ್ರಾಮದ ಮಾರುತಿ ಕಾರ್ಖಾನೆಯಿಂದ ಜಿಪ್ಸಿ ಹೊರಬಿತ್ತು. ಒಂದು ಲೀಟರಿಗೂ ಕಡಿಮೆ ಗಾತ್ರದ ಪೆಟ್ರೋಲ್ ಎಂಜಿನ್ನು. ಅಷ್ಟು ಚಿಕ್ಕ ಎಂಜಿನ್ನಿನಿಂದ ಫೋರ್‌ವೀಲ್ ಗಾಡಿ ಎಳೆಸಲು ಸುಜುಕಿ ಬೇರೆ ದಾರಿ ಹಿಡಿದಿತ್ತು. ಅದರ ಟ್ರಾನ್ಸ್‌ಫರ್ ಕೇಸು ಲೋನಲ್ಲಿ ಮಾತ್ರವಲ್ಲ, ಹೈನಲ್ಲೂ ವೇಗ ಇಳಿಸುತ್ತದೆ. ಎಳೆತದ ಲೆಕ್ಕದ ಒಂದು ಪಾಲನ್ನು ಆಕ್ಸಲ್ಲಿನ ಗುಂಡಿನಿಂದ ಎತ್ತಿ ನಡುವಿನ ಪೆಟ್ಟಿಗೆಗೆ ಹಾಕಿದಂತೆ. ಇದರಿಂದ ಜಿಪ್ಸಿಯ ಎಳೆತ ಹೆಚ್ಚಿಸಬೇಕಾದವರಿಗೆ ಎರಡು ಆಕ್ಸಲ್ ಬಿಚ್ಚುವ, ಜೋಡಿ ಹೊಂದಿಸುವ ಕಾಟವಿಲ್ಲ. ಟ್ರಾನ್ಸ್‌ಫರ್ ಕೇಸಿನ ಗೇರುಗಳನ್ನು ಬದಲಿಸಿದರೆ ಮುಂದಕ್ಕೂ ಹಿಂದಕ್ಕೂ ಒಂದೇ ಲೆಕ್ಕ ಹೋಗುತ್ತದೆ, ತಪ್ಪು ಜೋಡಿಯ ಭಯವಿಲ್ಲ. ಸೈನ್ಯವೂ ಇದನ್ನು ಅಪ್ಪಿಕೊಂಡು ಮೂರು ದಶಕ ಓಡಿಸಿತು.

ಕಾನೂನಿನ ಕಣ್ಣಿಗೆ ಆಕ್ಸಲ್ ರೇಶಿಯೋ ಒಂದು ವಿಚಿತ್ರ ವಸ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪುಸ್ತಕದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಆ ತೀರ್ಪಿನ ನಂತರ ಮಾರ್ಪಾಡು ಮಾಡಿದ ಜೀಪುಗಳ ಮಾಲೀಕರು ದೇಶದೆಲ್ಲೆಡೆ ಹೆದರಿದರು. ಎಂಜಿನ್ನು ಬದಲಿಸಿದರೆ ಪುಸ್ತಕದಲ್ಲಿ ಕಾಣುತ್ತದೆ, ಇಂಧನ ಬದಲಿಸಿದರೆ ಕಾಣುತ್ತದೆ, ಟೈರು ಬದಲಿಸಿದರೆ ಎದುರು ನಿಂತ ಪೇದೆಗೇ ಕಾಣುತ್ತದೆ. ಕ್ರೌನಿಗೆ ಎಷ್ಟು ಹಲ್ಲು ಎಂದು ಬರೆಯಲು ಆ ಪುಸ್ತಕದಲ್ಲಿ ಅಂಕಣವೇ ಇಲ್ಲ. ಹಾಗೆಂದು ಅದು ನಿರಪಾಯ ಎನ್ನಲಾಗದು. ಹೊರಗೆ ಎದ್ದು ಕಾಣುವ ಎಷ್ಟೋ ಅಲಂಕಾರಗಳಿಗಿಂತ ಗಾಡಿಯ ನಡತೆಯನ್ನು ಹೆಚ್ಚು ಬದಲಿಸುವುದು ಇದೇ, ಮತ್ತು ಗಾಡಿ ಕೈಬದಲಾದಾಗ ಮುಂದಿನ ಮಾಲೀಕರಿಗೆ ಯಾವ ಕಾಗದವೂ ಇದನ್ನು ಹೇಳುವುದಿಲ್ಲ.

ಹೊಸ ಪಿಕಪ್ಪುಗಳ ಕಾಲಕ್ಕೆ ಈ ವಿದ್ಯೆ ಬಹಳ ಬೇಕಾಗುವುದೂ ಇಲ್ಲ. ಅಮೆರಿಕದಲ್ಲಿ ಇವತ್ತಿಗೂ ದೊಡ್ಡ ಟ್ರೇಲರು ಎಳೆಯುವವರು ಪಿಕಪ್ ಕೊಳ್ಳುವಾಗಲೇ 3.73 ಬೇಕೋ 4.10 ಬೇಕೋ ಎಂದು ಆರಿಸಬಹುದು. ಆದರೆ ಗೇರ್‌ಬಾಕ್ಸಿನಲ್ಲಿ ಮೂರರ ಬದಲು ಎಂಟು ಹತ್ತು ಗೇರುಗಳಿದ್ದರೆ ಕೆಳಗಿನವು ಎಳೆಯುತ್ತವೆ, ಮೇಲಿನವು ಓಡುತ್ತವೆ, ಆಕ್ಸಲ್ಲಿನ ರಾಜಿಯ ಭಾರ ಇಳಿಯುತ್ತದೆ. ಯುದ್ಧದ ಜೀಪಿಗೆ ಇದ್ದದ್ದು ಮೂರೇ ಗೇರು. ನಾಲ್ಕು ಹಲ್ಲು ಅಷ್ಟೊಂದು ಮುಖ್ಯವಾದದ್ದು ಅದಕ್ಕೇ.

ಹಳೆಯ ಜೀಪುಗಳೂ ದೆಹಲಿಯಲ್ಲಿ ಉಳಿಯುವುದು ಕಷ್ಟವಾಗಿದೆ. ಹಸಿರು ನ್ಯಾಯಮಂಡಳಿ 2014ರಲ್ಲಿ 15 ವರ್ಷ ದಾಟಿದ ಗಾಡಿಗಳ ಮೇಲೆ, 2015ರಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ರಾಜಧಾನಿ ವಲಯದಲ್ಲಿ ನಿರ್ಬಂಧ ಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ಅಲ್ಲಿಂದೀಚೆಗೆ ನಿಯಮ ಒಮ್ಮೆ ಬಿಗಿಯಾಗುತ್ತ ಒಮ್ಮೆ ಸಡಿಲವಾಗುತ್ತ ಬಂದಿದೆ. ಪೆಟ್ರೋಲಿಗೆ ಹೆದರಿ ಡೀಸೆಲ್ ಕೂರಿಸಿಕೊಂಡ ಜೀಪುಗಳಿಗೆ ಅದೇ ಡೀಸೆಲ್ಲು ಕುತ್ತಾಯಿತು. ಮಾಯಾಪುರಿಯ ಅಂಗಡಿಗಳ ಮೇಲೂ ಮಾಲಿನ್ಯದ ಹೆಸರಿನಲ್ಲಿ 2019ರ ಏಪ್ರಿಲ್‌ನಲ್ಲಿ ಬೀಗಮುದ್ರೆಯ ಕಾರ್ಯಾಚರಣೆ ನಡೆದು ಗಲಾಟೆಯಾಯಿತು. 2021ರ ಸೆಪ್ಟೆಂಬರಿನಲ್ಲಿ ಗುಜರಿ ಕೇಂದ್ರಗಳಿಗೆ ನೋಂದಣಿಯ ಹೊಸ ನಿಯಮಗಳು ಬಂದವು. ಅಂಥ ಕೇಂದ್ರಕ್ಕೆ ಕಬ್ಬಿಣವಾಗಿ ಹೋದ ಆಕ್ಸಲ್ಲಿಗೆ ತೂಕವಷ್ಟೇ ಉಳಿಯುತ್ತದೆ, ಅದರ ಹಲ್ಲನ್ನು ಎಣಿಸಬೇಕಾದವರು ಅಲ್ಲಿ ಯಾರೂ ಇಲ್ಲ.

ಗುಜರಿಗೆ ಹೋಗಲೊಲ್ಲದ ಜೀಪಿಗೆ ಉಳಿದಿರುವ ದಾರಿ ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯಕ್ಕೆ ಹೋಗುವುದು. ಮಲೆನಾಡು, ಕೊಡಗಿನ ತೋಟಗಳಲ್ಲಿ ಗೊಬ್ಬರದ ಚೀಲ, ಕಾಫಿ ಮೂಟೆ, ಚಿಕ್ಕ ಟ್ರೇಲರು ಎಳೆಯಲು ಹಳೆಯ ಫೋರ್‌ವೀಲ್ ಜೀಪಿಗೆ ಇವತ್ತಿಗೂ ಗಿರಾಕಿಗಳಿದ್ದಾರೆ. 1945ರಲ್ಲಿ ರೈತರಿಗೆಂದು ಕೂಡಿಸಿದ ಆ ನಾಲ್ಕು ಹಲ್ಲಿಗೆ ತಕ್ಕ ಕೆಲಸ ಇಂಥ ಕಡೆಗಳಲ್ಲೇ ಇರುವುದು. ದೆಹಲಿಯ ನೋಂದಣಿಯ ಹಳೆಯ ಜೀಪು ಕೊಳ್ಳಲು ಹೊರಟವರು ಬಣ್ಣ, ಹುಡ್ಡು, ಸೀಟು ನೋಡುವ ಮೊದಲು ಜೊತೆಯಲ್ಲಿ ಒಂದು ಜಾಕು, ಒಂದು ತುಂಡು ಸೀಮೆಸುಣ್ಣ ಒಯ್ಯುವುದು ಒಳ್ಳೆಯದು. ಹಿಂದಿನ ಆಕ್ಸಲ್ ಮೊದಲು, ಮುಂದಿನದು ಆಮೇಲೆ. ಎರಡರಲ್ಲೂ ಶಾಫ್ಟು ಅದೇ ಜಾಗದಲ್ಲಿ ನಿಂತರೆ ಬೆಲೆಯ ಮಾತಿಗೆ ಕೂರಬಹುದು.